ಬಾಣಂತಿ ಕೋಣೆಯ ಎರಡು ಕಿಂಡಿಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪ್ರತಿ ವರ್ಷ ಮಕ್ಕಳ ಮುಂದೆ ಒಂದು ಮೇಣದಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಬತ್ತಿ ಮಂಕಾಗಿ ಆರಿಹೋಗುವುದನ್ನು ತೋರಿಸುತ್ತಾ ಬಂದಿದ್ದೇನೆ. ವೈ.ಎನ್.ಹೊಸಕೋಟೆಯಲ್ಲಿ ಹನ್ನೆರಡು ವರ್ಷ ತೋರಿಸಿದೆ, ವರ್ಗವಾಗಿ ಮಧುಗಿರಿಗೆ ಬಂದಮೇಲೂ ತೋರಿಸಿದೆ. ಇಷ್ಟೆಲ್ಲ ಬಲ್ಲ ನಾನು ನನ್ನ ಸ್ವಂತ ಮನೆಯಲ್ಲಿ ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಮಾಡಿದ್ದಕ್ಕಿಂತ, ಅದರ ಫಲ ಕಣ್ಣೆದುರು ಬಂದಮೇಲೂ ಹನ್ನೊಂದು ದಿನ ಬಾಯಿ ಬಿಡದೆ ಇದ್ದದ್ದಕ್ಕೆ ಹೆಚ್ಚು ನಾಚಿಕೆ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಗೋಡೆ ಎಂದರೆ ನನಗೆ ಮೊದಲು ನೆನಪಾಗುವುದು ಅವ್ವನೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಪುರವರದ ಹತ್ತಿರದ ನಮ್ಮೂರಲ್ಲಿ ನಮ್ಮದು ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಒಂದೂವರೆ ಮೊಳ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಮಣ್ಣು. ನಡುಮನೆಯ ಮಧ್ಯೆ ಮಾಳಿಗೆಯಲ್ಲಿ ಒಂದು ಚೌಕದ ತೂತು ಬಿಟ್ಟಿದ್ದರು, ಅದಕ್ಕೆ ಗವಾಕ್ಷಿ ಅನ್ನುತ್ತಿದ್ದೆವು. ಒಲೆಯ ಹೊಗೆ ಅಲ್ಲಿಂದ ಹೋಗಬೇಕು, ಬೆಳಕು ಅಲ್ಲಿಂದ ಬರಬೇಕು. ಮಳೆ ಹನಿಯಿತೆಂದರೆ ಯಾರಾದರೂ ಓಡಿ ಮೇಲೆ ಹತ್ತಿ ಅದರ ಮೇಲೆ ಚಪ್ಪಡಿ ಎಳೆಯಬೇಕು. ಆ ಬಿಸಿಲಿನ ಚೌಕ ಬೆಳಿಗ್ಗೆ ಗೋಡೆಯಿಂದ ಇಳಿದು ಬೀಸುವ ಕಲ್ಲಿನ ಹತ್ತಿರ ಬಂದರೆ ನಮಗೆ ಸ್ಕೂಲಿಗೆ ಹೊತ್ತಾಯಿತು ಎಂದು ಲೆಕ್ಕ. ಮೋಡ ಕವಿದ ದಿನ ನಾನೂ ನನ್ನ ತಮ್ಮನೂ ತಡವಾಗಿ ಹೋಗಿ ಬೆತ್ತದ ಏಟು ತಿನ್ನುತ್ತಿದ್ದೆವು.

ಯುಗಾದಿಗೆ ಹದಿನೈದು ದಿನ ಇದೆ ಅನ್ನುವಾಗ ಅವ್ವ ಗೋಡೆ ನೋಡಲು ಶುರು ಮಾಡುತ್ತಿದ್ದಳು. ಕಣ್ಣಿಂದಲ್ಲ, ಅಂಗೈಯಿಂದ. ಗೋಡೆಯ ಉದ್ದಕ್ಕೂ ಅಂಗೈ ಆಡಿಸುತ್ತಾ ಹೋಗಿ ಎಲ್ಲೋ ಒಂದು ಕಡೆ ನಿಲ್ಲುವಳು. ನಾನು ನೋಡಿದರೆ ಅಲ್ಲಿ ಏನೂ ಕಾಣದು. ಉಗುರಲ್ಲಿ ಕೆರೆದರೆ ಮೇಲಿನ ಪದರ ಉದುರಿ ಕೆಳಗೆ ಕೂದಲೆಳೆಯಷ್ಟು ಬಿರುಕು. ಕೆರೆಯ ಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ ಮೂರು ದಿನ ಕೊಳೆಯಲು ಬಿಟ್ಟಿರುತ್ತಿದ್ದಳು. ಅದರ ವಾಸನೆಗೆ ತಮ್ಮ ಮೂಗು ಮುಚ್ಚಿಕೊಂಡು ಓಡುತ್ತಿದ್ದ. ನನಗೆ ಮಾತ್ರ ಅದು ಹಬ್ಬದ ವಾಸನೆ. ಆ ಮಣ್ಣನ್ನು ಬೆರಳಲ್ಲಿ ಬಿರುಕಿಗೆ ಒತ್ತಿ ತುಂಬಬೇಕು, ಕೆಳಗಿನ ಬಿರುಕು ನನ್ನ ಪಾಲಿಗೆ, ಮೇಲಿನದು ಅವ್ವನ ಪಾಲಿಗೆ.

"ಬೆಳ್ಳು ಪೂರ್ತಿ ಒಳಿಕ್ಕೆ ಹೋಗ್ಬೇಕು ಕಣಮ್ಮ. ಮ್ಯಾಲೆ ಮ್ಯಾಲೆ ಸವರಿದ್ರೆ ಅದು ಗೋಡೆಗೆ ಮಾಡೋ ಮೋಸ" ಅನ್ನುತ್ತಿದ್ದಳು.

ಆಮೇಲೆ ಕೆಮ್ಮಣ್ಣು ಬಳಿದು, ಸುಣ್ಣದ ಪಟ್ಟೆ ಎಳೆದರೆ ಮನೆಗೆ ಹೊಸ ಕಳೆ ಬರುತ್ತಿತ್ತು. ಬೇಸಿಗೆಯ ಮಧ್ಯಾಹ್ನ ನಾನು ಗೋಡೆಗೆ ಕೆನ್ನೆ ಒತ್ತಿಕೊಂಡು ಮಲಗುತ್ತಿದ್ದೆ. ಆ ತಂಪು ಈಗ ಎಲ್ಲೂ ಸಿಕ್ಕುವುದಿಲ್ಲ. ಸಿಕ್ಕುವುದಿಲ್ಲ ಎಂದು ಗೊತ್ತಿದ್ದೂ, ಬೇರೆಯವರ ಮನೆಗೆ ಹೋದಾಗ ಗೋಡೆ ಮುಟ್ಟಿ ನೋಡುವ ಚಟ ನನಗೆ ಹೋಗಿಲ್ಲ.

ಅವ್ವನಿಗೆ ಇನ್ನೊಂದು ಕೆಲಸವಿತ್ತು, ಅದರಿಂದಲೇ ಅವಳಿಗೆ ಊರಲ್ಲಿ ಮರ್ಯಾದೆ. ನಮ್ಮ ಕೇರಿಯಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ಎರೆಯಲು ಅವ್ವನೇ ಹೋಗಬೇಕು. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಆ ಕಾಲುಗಳ ಮೇಲೆ ಬೋರಲು ಹಾಕಿಕೊಂಡು, ಹರಳೆಣ್ಣೆ ತೀಡಿ ನೀರು ಹುಯ್ಯಿಸಿದರೆ ಎಂಥ ಹಟಮಾರಿ ಕೂಸೂ ತೆಪ್ಪಗಾಗುತ್ತಿತ್ತು. ಆಮೇಲೆ ಬಾಣಂತಿಗೆ ಎರೆದು, ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಕೋಣೆಯೊಳಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕುವಳು. ಗಾಳಿ ಸೋಕಬಾರದು ಎಂದು ಕದ ಮುಚ್ಚಿ, ಹೊಸಿಲಿನ ಸಂದಿಗೆ ಗೋಣಿಚೀಲ ತುರುಕುವಳು. ನನ್ನ ಮಗಳು ಹುಟ್ಟಿದ್ದೂ ಆ ಮನೆಯಲ್ಲೇ. ನಾನೂ ಆ ಹೊಗೆಯಲ್ಲಿ ಕಣ್ಣೀರು ಸುರಿಸುತ್ತಾ, "ಸಾಕು ಅವ್ವ" ಅನ್ನುತ್ತಾ ಮೂರು ತಿಂಗಳು ಮಲಗಿದ್ದೆ. ನಾನು ಮಲಗಿದ್ದ ಒಳಮನೆಯ ಗೋಡೆ ಮಾಳಿಗೆಯವರೆಗೂ ಹೋಗಿರಲಿಲ್ಲ, ಮೇಲೆ ಒಂದು ಗೇಣು ಬಯಲು. ಹೊಗೆ ಅಲ್ಲಿಂದ ನಡುಮನೆಗೆ ಹಾದು ಗವಾಕ್ಷಿಯ ಕಡೆ ಹೋಗುತ್ತಿತ್ತು. ಅವ್ವ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಆ ಮನೆ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಇದು ಅವಳಿಗೂ ಗೊತ್ತಿರಲಿಲ್ಲ, ನನಗೂ ಆಗ ಹೊಳೆದಿರಲಿಲ್ಲ.

ಆ ಮನೆಯನ್ನು ತಮ್ಮ ಕೆಡವಿ ಆರ್‌ಸಿಸಿ ಮನೆ ಕಟ್ಟಿದ. ಜೆಸಿಬಿ ಬಂದ ದಿನ ನಾನು ಹೋಗಲಿಲ್ಲ, ರಜೆ ಇಲ್ಲ ಎಂದು ಸುಳ್ಳು ಹೇಳಿದೆ.

ನಾವು ಮಧುಗಿರಿಯಲ್ಲಿ ಮನೆ ಕಟ್ಟಿಸಿದ್ದು ಅದಾದ ಕೆಲವು ವರ್ಷಕ್ಕೆ. ಬಾಡಿಗೆ ಮನೆ ಬೆಟ್ಟದ ಬುಡದಲ್ಲಿತ್ತು. ಹಗಲೆಲ್ಲ ಕಾದ ಬಂಡೆ ಸಂಜೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿತ್ತು. ಎಸಿ ಹಾಕಿಸಿದರೆ ತಂಪೆಲ್ಲ ಕಿಟಕಿ ಸಂದಿಯಿಂದ ರಸ್ತೆಗೆ ಹೋಗುತ್ತಿತ್ತು. ಸ್ವಂತದ್ದು ಕಟ್ಟಿಸುವಾಗ ಹೀಗಾಗಬಾರದು ಎಂದು ನಾನು ಹಟ ಹಿಡಿದೆ. ಯಾರೋ ಶಿರಾದ ಒಬ್ಬ ಇಂಜಿನಿಯರ್‌ ಬಗ್ಗೆ ಹೇಳಿದರು. ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಕೈಯಲ್ಲಿ ಸದಾ ಟೇಪು.

"ಮೇಡಂ, ಗೋಡೆ ದಪ್ಪ ಇದ್ರೆ ಸಾಲಲ್ಲ. ಹವಾ ತನ್ನಿಷ್ಟಕ್ಕೆ ನುಗ್ಗಬಾರ್ದು. ನಾವು ಹೇಳಿದ ಜಾಗದಲ್ಲೇ ಬರ್ಬೇಕು, ನಾವು ಹೇಳಿದ ಜಾಗದಲ್ಲೇ ಹೋಗ್ಬೇಕು. ಆಗ ಎಸಿ ಅರ್ಧ ಹೊತ್ತು ಓಡಿದ್ರೂ ಬಿಲ್ಕುಲ್ ಸಾಕು" ಎಂದರು.

ಗೋಡೆಗೆ ಇಟ್ಟಿಗೆ ಬದಲು ಬೂದು ಬಣ್ಣದ ಹಗುರ ಬ್ಲಾಕು ತರಿಸಿದರು. ಅದರೊಳಗೆಲ್ಲ ಸಣ್ಣ ಸಣ್ಣ ಗುಳ್ಳೆ, ಆ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಗಾರೆ ಕೆಲಸದವರು ಕ್ಯಾತಗಾನಚೆರ್ಲು ಕಡೆಯವರು, ಮಾತು ಅರ್ಧ ತೆಲುಗು. ಅವರ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು, ಈಗ ಊರೂರು ತಿರುಗಿ ಗೋಡೆ ಕಟ್ಟುತ್ತಿದ್ದರು. ಅವರಲ್ಲೊಬ್ಬರು ಮೊದಲ ಬ್ಲಾಕನ್ನು ಒಂದೇ ಕೈಯಲ್ಲಿ ಎತ್ತಿ, "ಇದೇಂದಿ ಮೇಡಂ, ಬೂರಗದ ಅರಳೆ ಇದ್ದಂಗೈತೆ! ಇದ್ರಾಗೆ ಇಲ್ಲು ಕಟ್ಟಿದ್ರೆ ಗಾಳಿಗೆ ಎಗಿರಿ ಹೋಗಲ್ವಾ?" ಎಂದು ನಕ್ಕರು. ಇಂಜಿನಿಯರ್‌ ನಗಲಿಲ್ಲ. ಬ್ಲಾಕಿನ ನಡುವೆ ತೆಳ್ಳಗೆ ಅಂಟು, ಒಂದು ಕಡೆಯೂ ಬಿಡುವಂತಿಲ್ಲ. ಒಳಗಿನ ಪ್ಲಾಸ್ಟರ್ ನೆಲದಿಂದ ಸೂರಿನವರೆಗೂ ಎಲ್ಲೂ ಕಡಿಯುವಂತಿಲ್ಲ, ಆಮೇಲೆ ಟೈಲ್ಸಿನ ಪಟ್ಟಿ ಮುಚ್ಚಿಕೊಳ್ಳುತ್ತದೆ ಎಂದು ಕೆಳಗೆ ಬಿಡುವುದು ಕೂಡದು. ಕಿಟಕಿ ಚೌಕಟ್ಟಿನ ಸುತ್ತ ಡಬ್ಬಿಯಿಂದ ನೊರೆಯಂಥ ಫೋಮ್ ಒತ್ತಿದರು, ಅದು ಉಬ್ಬಿ ಸಂದಿಯನ್ನೆಲ್ಲ ತುಂಬಿ ಗಟ್ಟಿಯಾಯಿತು. ಸ್ವಿಚ್ ಬೋರ್ಡಿನ ಹಿಂದೆ, ಪೈಪು ಗೋಡೆ ತೂರುವ ಕಡೆ, ಎಲ್ಲಾ ಕಡೆ ಅದೇ ಶಿಸ್ತು. ಮಲಗುವ ಕೋಣೆಯ ಬಾಗಿಲ ಅಡಿಗೂ ರಬ್ಬರಿನ ಪಟ್ಟಿ.

ಅವ್ವ ಒಂದು ವಾರ ಬಂದಿದ್ದವಳು ದಿನವೆಲ್ಲ ಇದನ್ನು ನೋಡುತ್ತಾ ಕೂರುತ್ತಿದ್ದಳು. ಫೋಮ್ ಒತ್ತುವವರಿಗೆ, "ಒಳಿಕ್ಕೆ ಹೋಗ್ಲಿ ಕಣಪ್ಪ, ಮ್ಯಾಲೆ ಮ್ಯಾಲೆ ಬ್ಯಾಡ" ಎಂದು ಹೇಳಿಕೊಡುತ್ತಿದ್ದಳು. ಇಂಜಿನಿಯರ್‌ಗೆ ಅವಳನ್ನು ಕಂಡರೆ ಇಷ್ಟವಾಯಿತು. "ನಿಮ್ಮ ಅಮ್ಮನಿಗೆ ನಮ್ಮ ಕೆಲಸ ಪಕ್ಕಾ ಗೊತ್ತು" ಎಂದು ನನ್ನ ಹತ್ತಿರ ಹೇಳಿದರು. ನನಗೆ ಹೆಮ್ಮೆಯಾಯಿತು.

ಕೆಲಸ ಮುಗಿದ ಮೇಲೆ ಪರೀಕ್ಷೆ. ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆ ಎಳೆಯುವಂತೆ ಹಾಕಿ, ಇಂಜಿನಿಯರ್‌ ಒಂದು ಊದುಬತ್ತಿ ಹಚ್ಚಿಕೊಂಡು ಗೋಡೆಗೋಡೆಗೂ ಹಿಡಿಯುತ್ತಾ ಹೋದರು. ಹೊಗೆ ಅಲ್ಲಾಡಿದ ಕಡೆ ಎಲ್ಲೋ ಸಂದಿ ಇದೆ ಎಂದರ್ಥ. ಅವ್ವ ಸೆರಗು ಹೊದ್ದು, ಕೈಮುಗಿದು, ಅವರ ಹಿಂದೆಯೇ ಭಕ್ತಿಯಿಂದ ಸುತ್ತು ಬಂದಳು. ಕೊನೆಗೆ, "ಎಲ್ಲಾ ಸರಿ, ಮಂಗಳಾರತಿ ಯಾಕಪ್ಪ ಮಾಡ್ಲಿಲ್ಲ?" ಎಂದು ಕೇಳಿದಾಗ ಆ ಮಾತು ಕಡಿಮೆಯ ಮನುಷ್ಯ ಗೋಡೆಗೆ ಒರಗಿ ನಕ್ಕಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹೋಗುವ ಮುಂಚೆ ಅವರು ನನ್ನನ್ನು ಮಲಗುವ ಕೋಣೆಗೆ ಕರೆದರು. ಹೊರಗಿನ ಗೋಡೆಯಲ್ಲಿ ಎರಡು ದುಂಡನೆ ಕಿಂಡಿ ಬಿಟ್ಟಿದ್ದರು. ಒಂದು ನೆಲದಿಂದ ಗೇಣು ಮೇಲೆ, ಮಂಚ ಬರುವ ಜಾಗದ ಹಿಂದೆ. ಇನ್ನೊಂದು ಸೂರಿನ ಕೆಳಗೆ. ಎರಡಕ್ಕೂ ಜಾಲರಿ.

"ಮನೆ ಈಗ ಡಬ್ಬಿ ಥರ ಬಿಗಿ ಇದೆ ಮೇಡಂ. ಉಸಿರಾಟ ಇವೆರಡರಲ್ಲೇ. ಏನಾದ್ರೂ ಮಾಡಿ, ಇವನ್ನ ಮಾತ್ರ ಮುಚ್ಬೇಡಿ."

"ಅಷ್ಟೂ ಗೊತ್ತಾಗಲ್ವಾ? ನಾನು ವಿಜ್ಞಾನದ ಟೀಚರ್ರು" ಎಂದೆ.

ಮೊದಲ ಆಷಾಢ ಬಂತು. ಗಾಳಿಯ ಜೊತೆ ಕೆಂಪು ಧೂಳು. ಹೊಸ ಮನೆ, ಹೊಸ ಹಾಸಿಗೆ, ಬಿಳಿ ಗೋಡೆ. ದಿನಾ ಬೆಳಿಗ್ಗೆ ಕೆಳಗಿನ ಜಾಲರಿಯ ಮುಂದೆ ಧೂಳಿನ ಸಣ್ಣ ಗುಡ್ಡೆ, ಮೇಲಿನದರ ಕೆಳಗೆ ಗೋಡೆಯ ಮೇಲೆ ಕೆಂಪು ಗೆರೆ. ಒರೆಸಿ ಒರೆಸಿ ನನ್ನ ಪಿತ್ತ ನೆತ್ತಿಗೇರಿತು. ಮೆಟ್ಟಿಲ ಕೆಳಗೆ ಕೆಲಸದವರು ಬಿಟ್ಟುಹೋದ ಫೋಮಿನ ಡಬ್ಬಿ ಇತ್ತು. ಒಂದು ಭಾನುವಾರ ಎರಡೂ ಕಿಂಡಿಗೆ ನಾನೇ ಒತ್ತಿದೆ. ಬೆರಳು ಪೂರ್ತಿ ಒಳಗೆ ಹೋಗುವ ಹಾಗೆ, ಅವ್ವ ಕಲಿಸಿದಂತೆ. ಮಳೆಗಾಲ ಕಳೆದಮೇಲೆ ತೆಗೆದರಾಯಿತು ಎಂದುಕೊಂಡೆ. ಎಸಿ ಚೆನ್ನಾಗಿ ಓಡುತ್ತಿತ್ತು, ಧೂಳು ನಿಂತಿತ್ತು, ಮರೆತೆ.

ಆ ವರ್ಷದ ಮಾಘದ ಚಳಿಯಲ್ಲಿ ಮಗಳಿಗೆ ಹೆಣ್ಣು ಮಗುವಾಯಿತು. ಅವಳು ಮೊದಲಿನಿಂದಲೂ ಒಂದೇ ಮಾತು ಹೇಳಿದ್ದಳು, "ಬಾಣಂತನ ಅಜ್ಜಿಯೇ ಮಾಡಬೇಕು. ನೀನು ಸ್ಕೂಲಿಗೆ ಹೋಗು." ಅವ್ವ ಪುರವರದಿಂದ ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ ಕಟ್ಟಿಕೊಂಡು ಬಂದಳು. ಅವಳಿಗೆ ಆಗ ಎಪ್ಪತ್ತು ದಾಟಿತ್ತು. ಕೇರಿಯಲ್ಲಿ ಎಲ್ಲರೂ ಆಸ್ಪತ್ರೆಯವರು ಹೇಳಿದಂತೆ ನಡೆಯುವ ಕಾಲ ಬಂದು, ಅವಳನ್ನು ಯಾರೂ ಕರೆಯದೆ ವರ್ಷಗಳಾಗಿದ್ದವು. ಬಸ್ಸಿಳಿದು ಬಂದವಳ ಮುಖ ನೋಡಿದರೆ ಹತ್ತು ವರ್ಷ ಚಿಕ್ಕವಳಾದ ಹಾಗಿತ್ತು.

ಹಿತ್ತಲ ಬಚ್ಚಲಿನಲ್ಲಿ ಹಂಡೆ ಒಲೆ. ಕೂಸಿಗೂ ಬಾಣಂತಿಗೂ ಎರೆದಾದ ಮೇಲೆ ಒಲೆಯ ಕೆಂಡವನ್ನು ಗಾರೆಯವರ ಹಳೇ ಬಾಂಡ್ಲಿಯಲ್ಲಿ ತುಂಬಿ, ಮಗಳಿಗೆ ಬಿಟ್ಟುಕೊಟ್ಟಿದ್ದ ಆ ಮಲಗುವ ಕೋಣೆಗೆ ಒಯ್ದು, ಸಾಂಬ್ರಾಣಿ ಹಾಕಿ, ಕೂಸಿನ ತಲೆ ಆರಿದ ಕೂಡಲೇ ಹೊರಗೆ ತರುವಳು. ಹದಿನಾಲ್ಕು ದಿನ ಹೀಗೇ ನಡೆಯಿತು. ಆ ಬಾಂಡ್ಲಿ ನನ್ನ ಎದುರಿಗೇ ಒಳಗೆ ಹೋಗುತ್ತಿತ್ತು, ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ಸ್ಕೂಲಿಗೆ ಹೊರಡುತ್ತಿದ್ದೆ. ಸಾಂಬ್ರಾಣಿ ವಾಸನೆ ಬಂದರೆ ನನ್ನ ಬಾಣಂತನ ನೆನಪಾಗಿ ಖುಷಿಯಾಗುತ್ತಿತ್ತು. ಖುಷಿ, ಅಷ್ಟೇ. ತಲೆಯಲ್ಲಿ ಬೇರೇನೂ ಓಡಲಿಲ್ಲ.

ಹದಿನೈದನೆಯ ದಿನ ಶನಿವಾರ. ಮೋಡ ಕವಿದು ಕೊರೆಯುವ ಗಾಳಿ. ಕೂಸು ನಡುಗುತ್ತದೆಂದು ಅವ್ವ ಅವತ್ತು ಬಾಂಡ್ಲಿಯನ್ನು ಕೋಣೆಯಲ್ಲೇ ಬಿಟ್ಟು, ಕಿಟಕಿ ಎಳೆದು, ಕದ ಭದ್ರವಾಗಿ ಹಾಕಿ, ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತಳು. ನಾನು ಬೆಳಗಿನ ಶಾಲೆ ಮುಗಿಸಿ ಹನ್ನೆರಡಕ್ಕೆ ಬಂದೆ. ಕದ ತಟ್ಟಿದೆ. ಉತ್ತರ ಇಲ್ಲ. ತಳ್ಳಿದೆ. ಮಗಳು ಮಂಚದಿಂದ ಅರ್ಧ ಇಳಿದು ನೆಲಕ್ಕೆ ಕೈಯೂರಿದ್ದಳು, ವಾಂತಿ ಮಾಡಿಕೊಂಡಿದ್ದಳು. "ತಲೆ ಸಿಡೀತಿದೆ" ಎನ್ನುವಷ್ಟು ಮಾತ್ರ ಅವಳಿಗೆ ಸಾಧ್ಯವಾಯಿತು. ಕೂಸನ್ನು ಎತ್ತಿದರೆ ಕತ್ತು ನನ್ನ ಕೈ ಮೇಲೆ ಜೋತುಬಿತ್ತು. ಅಳು ಇಲ್ಲ. ಬಾಂಡ್ಲಿಯಲ್ಲಿ ಕೆಂಡ ಮಂಕಾಗಿತ್ತು. ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು.

ಹೇಗೆ ಹೊರಗೆ ತಂದೆನೋ ನೆನಪಿಲ್ಲ. ಜಗಲಿಯ ಮೇಲೆ ಆ ಕೊರೆಯುವ ಗಾಳಿಯಲ್ಲಿ ಕೂಸನ್ನು ಹಿಡಿದು ನಿಂತಿದ್ದು ನೆನಪಿದೆ. ಸ್ವಲ್ಪ ಹೊತ್ತಿಗೆ ಅದು ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ಮಾಡಿತು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೋಣೇಲಿ ಕೆಂಡ ಇಟ್ಟಿದ್ರಾ?" ಇಬ್ಬರಿಗೂ ಆಕ್ಸಿಜನ್ ಹಾಕಿದರು. ಮಾರನೇ ದಿನ ಮಧ್ಯಾಹ್ನ, ಇನ್ನು ಭಯವಿಲ್ಲ ಎಂದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವ್ವ ನೆಲದ ಮೇಲೆ ಕೂತಿದ್ದಳು. ನಮ್ಮ ಮನೆಯವರು ಡ್ಯೂಟಿಯಿಂದ ನೇರ ಬಂದವರು, "ಈ ಕಾಲದಲ್ಲೂ ಕೆಂಡ ಇಡೋದಾ ಅತ್ತೆ? ಇನ್ನೊಂದು ಗಳಿಗೆ ಆಗಿದ್ರೆ?" ಎಂದರು. ಬೀಗಿತ್ತಿ ಬಂದವರು, ಬಾಯಿ ಬಿಟ್ಟು ಬೈಯದೆ, ವಯಸ್ಸಾದವರ ಕೈಗೆ ಬಿಡಬಾರದಿತ್ತು ಎಂದು ನನಗೆ ಹೇಳುವಂತೆ ಅವ್ವನಿಗೆ ಕೇಳಿಸಿದರು. ಅವ್ವ ಒಂದೇ ಮಾತು ಹೇಳಿದಳು, "ನನ್ನ ಕೈಯಾಗೆ ಇಂಗಾಗೋಯ್ತಲ್ಲ." ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ವಿಜ್ಞಾನದ ಟೀಚರ್ರು ಕಿಂಡಿ ಮುಚ್ಚಿದ್ದಳು ಎಂದು ಬೀಗಿತ್ತಿಯ ಮುಂದೆ, ಗಂಡನ ಮುಂದೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಬಟ್ಟೆ ತರುತ್ತೇನೆಂದು ಮನೆಗೆ ಬಂದವಳು ಅಡುಗೆಮನೆಯ ಚಾಕು ತೆಗೆದುಕೊಂಡು ಎರಡೂ ಕಿಂಡಿಯ ಫೋಮನ್ನು ಕೆರೆದು ಕೆರೆದು ತೆಗೆದೆ. ಅವ್ವನ ಕಣ್ಣಿಗೆ ಬೀಳಬಾರದೆಂದು ಚೂರುಗಳನ್ನು ಹಂಡೆ ಒಲೆಗೂ ಹಾಕದೆ, ಕಸದ ಗಾಡಿಗೆ ಸಿಗುವಂತೆ ಕಟ್ಟಿಟ್ಟೆ. ಕಳ್ಳತನ ಅನ್ನಬೇಕಾದರೆ ಅದನ್ನೇ ಅನ್ನಬೇಕು.

ಅಲ್ಲಿಂದ ಹನ್ನೊಂದು ದಿನ. ಅವ್ವ ಕೂಸನ್ನು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಹಂಡೆಗೆ ಉರಿ ಹಾಕುವಳು, ನೀರು ಹದ ಮಾಡುವಳು, ಆಮೇಲೆ ಹಿತ್ತಲ ಮೂಲೆಯಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂರುವಳು. ಎರೆಯುವುದು ನನ್ನ ಪಾಲಿಗೆ ಬಂತು. ನನ್ನ ಕಾಲ ಮೇಲೆ ಕೂಸು ಕಿಟಾರನೆ ಕಿರುಚುತ್ತಿತ್ತು. ಸೋಪು ಕಣ್ಣಿಗೆ, ನೀರು ಮೂಗಿಗೆ. ಅವ್ವನ ಕೈ ಸೆರಗಿನೊಳಗೇ ಮಿಸುಕುವುದು ನನಗೆ ಕಾಣುತ್ತಿತ್ತು, ಈಚೆಗೆ ಬರುತ್ತಿರಲಿಲ್ಲ. ಅವ್ವ ಕೋಣೆಯ ಬಾಗಿಲಲ್ಲಿ ಬಂದು ನಿಂತರೆ ಮಗಳು ತನಗೇ ಗೊತ್ತಿಲ್ಲದಂತೆ ಕೂಸನ್ನು ಎದೆಗೆ ಹತ್ತಿರ ಎಳೆದುಕೊಳ್ಳುತ್ತಿದ್ದಳು. ಅವ್ವ ಅದನ್ನು ನೋಡಿ ತಿರುಗಿ ಹೋಗುತ್ತಿದ್ದಳು. ಮನೆಯಲ್ಲಿ ಊಟ, ನಿದ್ದೆ, ಸ್ಕೂಲು ಎಲ್ಲ ನಡೆಯುತ್ತಿತ್ತು. ನಾನು ಮಾತ್ರ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅವ್ವ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. "ನಾನು ಊರಿಗೆ ಹೊಂಟೆ ಕಣೆ. ಇಲ್ಲಿ ನನ್ನಿಂದ ಏನಾಗ್ಬೇಕೈತೆ?" ಎಂದಳು.

ಅವಳ ಹಿಂದೆಯೇ ಬಚ್ಚಲಿಗೆ ಹೋದೆ. ಒಲೆ ಮುಂದೆ ಕೂತು ಕೊನೆಯ ಸಲ ಸೌದೆ ಮುಂದಕ್ಕೆ ತಳ್ಳುತ್ತಿದ್ದಳು.

"ಅವ್ವ, ತಪ್ಪು ನಿಂದಲ್ಲ."

"ಬುಡು. ಸಮಾಧಾನಕ್ಕೆಲ್ಲ ಹೇಳ್ಬ್ಯಾಡ."

"ಸಮಾಧಾನಕ್ಕಲ್ಲ. ಆ ಕೋಣೆಗೆ ಇಂಜಿನಿಯರ್ರು ಗಾಳಿಗೆ ಅಂತ ಎರಡು ಕಿಂಡಿ ಬಿಟ್ಟಿದ್ರು. ಮುಚ್ಚಬೇಡಿ ಅಂತ ನನಗೆ ಹೇಳೂ ಇದ್ರು. ಧೂಳು ಬರುತ್ತೆ ಅಂತ ಆಷಾಢದಲ್ಲಿ ನಾನೇ ಮುಚ್ಚಿಬಿಟ್ಟೆ. ನಮ್ಮ ಹಳೇ ಮನೇಲಿ ನೀನು ಎಷ್ಟು ಮುಚ್ಚಿದ್ರೂ ಹೊಗೆಗೆ ಮೇಲೆ ದಾರಿ ಇತ್ತು. ಇಲ್ಲಿ ಯಾವ ದಾರೀನೂ ಇರಲಿಲ್ಲ. ಅದು ನಿನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು."

ಅವ್ವ ಸೌದೆ ಬಿಟ್ಟು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ನಾನು ದಿನಾ ಕೆಂಡ ಒಳಿಕ್ಕೆ ತಕಂಡೋಗಾಗ ನೀನು ನೋಡ್ತಿದ್ದಲ್ಲ?"

"ನೋಡ್ತಿದ್ದೆ."

"ಆಸ್ಪತ್ರೇಲಿ ಎಲ್ರೂ ನನ್ನ ಅಂದಾಗ?"

"ಅಲ್ಲೇ ಇದ್ದೆ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವ್ವ ಎರಡೂ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಹನ್ನೊಂದು ದಿನ ಕಣೆ. ತುತ್ತು ಎತ್ತಕ್ಕೂ ಈ ಕೈ ಬತ್ತಿರ್ಲಿಲ್ಲ ನಂಗೆ. ಎಷ್ಟು ಕೂಸಿಗೆ ಎರೆದ ಕೈ, ಕೊನೇಗೆ ನನ್ನ ಮನೆ ಕೂಸನ್ನೇ ಕಳೀತಿತ್ತಲ್ಲ ಅಂತ." ಒಂದು ಸೌದೆಯನ್ನು ಒಲೆಗೆ ತಳ್ಳಿ ಹೇಳಿದಳು, "ನಂಗೆ ಹೇಳಿ ಏನು ಬಂತು? ನಿನ್ನ ಮಗ್ಳಿಗೆ ಹೇಳು. ನನ್ನ ಕಂಡ್ರೆ ಹೆದರ್ತಿರೋಳು ಅವ್ಳು."

ಕೋಣೆಗೆ ಹೋಗಿ ಮಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಕಿಂಡಿ, ಫೋಮು, ಚಾಕು. ಒಂದನ್ನೂ ಬಿಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಆಮೇಲೆ ಕೂಸನ್ನು ಎತ್ತಿಕೊಂಡು, ತಲೆಯ ಬಟ್ಟೆಯನ್ನೂ ಕಟ್ಟಿಕೊಳ್ಳದೆ, ನನ್ನ ಪಕ್ಕದಿಂದ ಹಾದು ಬಚ್ಚಲಿಗೆ ನಡೆದಳು.

"ಅಜ್ಜಿ, ಕಾಲು ಚಾಚು" ಎಂದಳು.

ಅವ್ವ ಸೀರೆ ಮೊಣಕಾಲಿಗೆ ಎತ್ತಿ ಕಾಲು ಚಾಚಿದಳು. ಮಗಳು ಬಗ್ಗಿ ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿದಳು. ಅದು ಎಂದಿನಂತೆ ಕಿರುಚಲು ಶುರು ಮಾಡಿತು. ಅವ್ವನ ಕೈ ಅದರ ಬೆನ್ನಿನ ಮೇಲೆ ಒಂದಿಂಚು ದೂರದಲ್ಲಿ ನಿಂತುಬಿಟ್ಟಿತ್ತು. ಇಳಿಯಲು ಎಷ್ಟು ಹೊತ್ತು ಹಿಡಿಯಿತೋ. ಕೊನೆಗೂ ಅಂಗೈ ತಾಗಿತು, ಬೆನ್ನುಹುರಿಯ ಗುಂಟ ಎಣ್ಣೆ ಇಳಿಯಿತು, ಕೂಸು ಸುಮ್ಮನಾಯಿತು.

"ಹುಯ್ಯೆ, ನೋಡ್ತಾ ನಿಂತ್ಕಂಡ್ರೆ ನೀರು ಆರೋಯ್ತದೆ" ಎಂದಳು ಅವ್ವ ನನಗೆ.

ನಾನು ತಂಬಿಗೆ ಎತ್ತಿ ಹುಯ್ದೆ. ಅವ್ವನ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ. ಅವ್ವ ಆಮೇಲೆ ಎರಡು ತಿಂಗಳು ಇದ್ದು ಬಾಣಂತನ ಮುಗಿಸಿಯೇ ಊರಿಗೆ ಹೋದಳು, ನನ್ನ ಮೇಲಿನ ಸಿಟ್ಟನ್ನು ಆ ತಂಬಿಗೆ ನೀರಿನ ಜೊತೆಗೇ ಬಿಟ್ಟಿದ್ದಳು. ಮಗಳು ಮಾತ್ರ ಗಂಡನ ಮನೆಗೆ ಹೋಗುವವರೆಗೂ, ನಾನು ಕೈ ಚಾಚಿದಾಗಲೆಲ್ಲ, ಕೂಸನ್ನು ಎದೆಗೆ ಹತ್ತಿರ ಎಳೆದುಕೊಳ್ಳುತ್ತಿದ್ದಳು.